ಮೋಹನಕ್ಕೆ ನಾಲ್ಕು ದನಿ

ತುಮಕೂರಿನ ಪೇಟೆ ದಾಟಿ ಕುಣಿಗಲ್ ರಸ್ತೆ ಹಿಡಿದರೆ, ಹಿಂದೆ ಊರು ಮುಗಿದು ಹೊಲ ಶುರುವಾಗುತ್ತಿದ್ದ ಕಡೆ ಈಗ ಮರಳೂರು ಎದುರಾಗುತ್ತದೆ. ಹೆಸರಿಗೆ ಹಳ್ಳಿ, ನೋಡಲು ಬಡಾವಣೆ. ಸಿದ್ಧಾರ್ಥ ಎಂಜಿನಿಯರಿಂಗ್ ಕಾಲೇಜಿನ ಹುಡುಗರಿಗಾಗಿ ಎದ್ದ ಪಿ.ಜಿ.ಗಳು, ಜೆರಾಕ್ಸ್ ಅಂಗಡಿಗಳು, ಬೇಕರಿಗಳು, ದಿಣ್ಣೆಯ ಮೇಲೆ ಒತ್ತೊತ್ತಾಗಿ ನಿಂತ ಮನೆಗಳು, ಆಚೆಗೆ ಕೆರೆ. ನಾನು ಹೋದಾಗ ರಾಗಿ ಕೊಯ್ಲಿನ ಕಾಲ. ಊರಾಚೆ ಟಾರು ರಸ್ತೆಯ ಮೇಲೆ ತೆನೆ ಹರಡಿದ್ದರು. ಲಾರಿ, ಬಸ್ಸು, ಬೈಕುಗಳೆಲ್ಲ ಅದರ ಮೇಲೇ ಹಾದು ಒಕ್ಕಣೆ ಮುಗಿಸಿಕೊಡುತ್ತಿದ್ದವು.

ನಾನು ಬಂದದ್ದು ಒಂದು ಹಾಡು ಹೇಗೆ ತಯಾರಾಗುತ್ತದೆ ಎಂದು ನೋಡಲು. ಚರ್ಚಿನ ಸುಗ್ಗಿ ಹಬ್ಬದ ಆರಾಧನೆಗೆಂದು ಇಲ್ಲೊಬ್ಬರು ನಿವೃತ್ತ ಶಿಕ್ಷಕಿ ಕನ್ನಡದಲ್ಲೇ ಹೊಸದಾಗಿ ನಾಲ್ಕು ದನಿಯ ಹಾಡು ಕಟ್ಟುತ್ತಿದ್ದಾರೆ ಎಂದು ಸ್ನೇಹಿತರು ಹೇಳಿದ್ದರು. ಅನುವಾದದ ಹಾಡಲ್ಲ, ಸಿನಿಮಾ ಮಟ್ಟಿಗೆ ಹೊಂದಿಸಿದ್ದೂ ಅಲ್ಲ. ಬೈಬಲಿನ ಕೀರ್ತನೆಗಳ ಗ್ರಂಥದಲ್ಲಿ ಮಳೆ ಬೆಳೆಗಾಗಿ ದೇವರನ್ನು ಕೊಂಡಾಡುವ 65ನೆಯ ಕೀರ್ತನೆಯ ಭಾವ ಹಿಡಿದು ಪದ್ಯವನ್ನು ತಾವೇ ಬರೆದಿದ್ದರು, ಮಟ್ಟೂ ಅವರದೇ.

ಮನೆಯ ಹಾಲಿನಲ್ಲಿ ಚಾಪೆ ಹಾಸಿತ್ತು. ಬಾಗಿಲ ಬಳಿ ಚಪ್ಪಲಿಗಳ ರಾಶಿ. ಕಾಲೇಜು ಹುಡುಗರು, ಒಬ್ಬ ನರ್ಸ್, ಪಾಳಿ ಮುಗಿಸಿ ಖಾಕಿ ಅಂಗಿಯಲ್ಲೇ ಬಂದ ಬಸ್ ಕಂಡಕ್ಟರ್, ತಾಯಿಯ ಸೆರಗು ಹಿಡಿದು ಬಂದು ಆಲ್ಟೊ ಸಾಲಿನಲ್ಲೇ ಕೂತ ಒಂದು ಮಗು, ಕುರ್ಚಿಯ ಮೇಲೆ ಎಲ್ಲರೂ ತಾತ ಎಂದು ಕರೆಯುವ ಹಿರಿಯರು. ಮಧ್ಯೆ ಹಾರ್ಮೋನಿಯಂ. ಕೀಬೋರ್ಡ್ ಕೂಡ ಇತ್ತು, ಆದರೆ ಗೋಡೆಗೆ ಒರಗಿತ್ತು. "ಬನ್ನಿ ಸಾರ್, ಕೂತ್ಕೊಳಿ. ಕಾಫಿ ಆಮೇಲೆ. ಈಗ ಟೆನರ್ ದಾರಿಗೆ ಬಂದಿದೆ, ಬಿಟ್ರೆ ಮತ್ತೆ ಸಿಗಲ್ಲ" ಎಂದರು ಟೀಚರ್.

ಅವರ ನೋಟ್‌ಬುಕ್ಕನ್ನು ನಾನು ಬಹಳ ಹೊತ್ತು ನೋಡಿದೆ. ಶಾಲೆ ಮಕ್ಕಳ ರೂಲು ಹಾಕಿದ ಪುಸ್ತಕ. ಪ್ರತಿ ನಾಲ್ಕು ಸಾಲಿಗೆ ಎಡಗಡೆ ಪೆನ್ಸಿಲಿನಲ್ಲಿ ಒಂದು ಆವರಣ ಚಿಹ್ನೆ. ಮೇಲಿಂದ ಕೆಳಕ್ಕೆ ನಾಲ್ಕು ದನಿಗಳು: ಸೊಪ್ರಾನೊ, ಆಲ್ಟೊ, ಟೆನರ್, ಬೇಸ್. ಆದರೆ ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ ಎಲ್ಲೂ ಇಲ್ಲ, ಸರಿಗಮ ಅಕ್ಷರಗಳೇ. ಮೇಲಿನ ಸ್ಥಾಯಿಗೆ ತಲೆಯ ಮೇಲೆ ಚುಕ್ಕೆ, ಕೆಳಗಿನದಕ್ಕೆ ಅಡಿಯಲ್ಲಿ ಚುಕ್ಕೆ. ಪಲ್ಲವಿಯ ಮೊದಲ ಮನೆಯಲ್ಲಿ ಸೊಪ್ರಾನೊಗೆ "ಗ ಗ ಪ, ದ ಪ ಗ ರಿ" ಎಂದು ಬರೆದಿತ್ತು. ಮೂರು, ಆಮೇಲೆ ನಾಲ್ಕು, ಒಟ್ಟು ಏಳು ಮಾತ್ರೆ. ಅದೇ ಮನೆಯಲ್ಲಿ ಬೇಸಿಗೆ ಅಡಿಚುಕ್ಕೆಯ ಒಂದೇ ಒಂದು "ಸ", ಅದರ ಮುಂದೆ ಮನೆಯ ಕೊನೆವರೆಗೂ ಎಳೆದ ಗೆರೆ. ತಂಬೂರಿ ಮಾಡಬೇಕಾದ ಕೆಲಸವನ್ನು ಮನುಷ್ಯರ ಗಂಟಲಿಗೆ ಒಪ್ಪಿಸಿದ್ದರು. ಆಲ್ಟೊ ಸಾಲಿನಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕಿದ ಜಾಗಗಳೇ ಹೆಚ್ಚು. ಕಷ್ಟವೆಲ್ಲ ಅಲ್ಲೇ ಇದೆಯೆಂದು ನೋಡಿದರೇ ತಿಳಿಯುತ್ತಿತ್ತು.

ರಾಗ ಮೋಹನ. ಆಯ್ಕೆಗೆ ಕಾರಣವಿದೆ. ಸ ರಿ ಗ ಪ ದ ಎಂಬ ಐದು ಸ್ವರಗಳಲ್ಲಿ ಯಾವೆರಡರ ನಡುವೆಯೂ ಅರ್ಧ ಸ್ವರದ ಇಕ್ಕಟ್ಟಿಲ್ಲ. ನಾಲ್ಕು ದನಿಗಳು ನಾಲ್ಕು ಸ್ವರಗಳ ಮೇಲೆ ನಿಂತರೂ ಕಿವಿಗೆ ಚುಚ್ಚುವುದಿಲ್ಲ; ಒಂದು ಗುಂಪು ತುಸು ತಡವಾಗಿ ಅದೇ ಸಾಲನ್ನು ಎತ್ತಿಕೊಂಡರೂ ಹೊಂದಿಕೊಂಡುಹೋಗುತ್ತದೆ. ಸಂಗೀತಪಾಠದ ಮೊದಲ ದಿನವೇ ಮಕ್ಕಳಿಗೆ ಹೇಳಿಕೊಡುವ ಮಾಯಾಮಾಳವಗೌಳದಲ್ಲಿ ಇದು ಇಷ್ಟು ಸುಲಭವಲ್ಲ. ಅಲ್ಲಿ ರಿಷಭ ಷಡ್ಜದ ಮಗ್ಗುಲಲ್ಲೇ, ಧೈವತ ಪಂಚಮದ ಮಗ್ಗುಲಲ್ಲೇ ಕೂತಿರುತ್ತದೆ. ಒಬ್ಬರೇ ಹಾಡಿದರೆ ಆ ಹತ್ತಿರವೇ ರಾಗದ ಜೀವ. ನಾಲ್ವರು ಒಟ್ಟಿಗೆ ಹಿಡಿದರೆ ಅದೇ ತಿಕ್ಕಾಟ. ಶಂಕರಾಭರಣವನ್ನು ಆರಿಸಿಕೊಂಡಿದ್ದರೆ ದಾರಿ ಇನ್ನೂ ಸಲೀಸು, ಅದರ ಸ್ವರಗಳು ಯೂರೋಪಿನ ಮೇಜರ್ ಸ್ಕೇಲಿನವೇ. ಮುತ್ತುಸ್ವಾಮಿ ದೀಕ್ಷಿತರು ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿ ನೊಟ್ಟುಸ್ವರಗಳನ್ನು ಮಾಡಿದ್ದು ಅದೇ ರಾಗದಲ್ಲಿ. "ಅದರಲ್ಲಿ ಬರೆದ್ರೆ ಎಲ್ರೂ ಇಂಗ್ಲಿಷ್ ಹಾಡು ಅಂದ್ಕೋತಾರೆ" ಎಂದರು ಟೀಚರ್. "ಮೋಹನ ಆದ್ರೆ ರಾಗಿ ಬೀಸೋ ಹಾಡಿಗೂ ಹತ್ತಿರ."

ಅವರ ತಕರಾರು ಇಂಗ್ಲಿಷ್ ಮಟ್ಟುಗಳ ಮೇಲಲ್ಲ. ಅವುಗಳನ್ನು ಕೇಳುತ್ತಲೇ ಬೆಳೆದವರು ಅವರು, ಪ್ರೀತಿಯೂ ಇದೆ. ತಕರಾರು ಆ ಮಟ್ಟುಗಳ ಕೆಳಗೆ ಕನ್ನಡ ಪಡುವ ಪಾಡಿನ ಬಗ್ಗೆ. ನನಗೂ ಬಹುಕಾಲದಿಂದ ಕಾಡಿದ ವಿಷಯ ಇದು. ಇಂಗ್ಲಿಷ್ ಸ್ತೋತ್ರಗಳಲ್ಲಿ ಹೆಚ್ಚಿನವು ಮೆಲ್ಲಗಿನ ಉಚ್ಚಾರದಿಂದ ಶುರುವಾಗಿ ಎರಡನೆಯದರ ಮೇಲೆ ಒತ್ತು ಹಾಕುತ್ತವೆ. ಕನ್ನಡದ ಮಾತು ಮೊದಲ ಅಕ್ಷರದಲ್ಲೇ ಕಾಲೂರುತ್ತದೆ. "ಕರ್ತನು" ಎಂಬ ಪದವನ್ನು ಅಂಥ ಮಟ್ಟಿನ ಬಾಯಿಗೆ ಕೊಟ್ಟರೆ "ಕರ್" ಅನ್ನುವುದು ತಾಳಕ್ಕೆ ಮುಂಚೆಯೇ ಜಾರಿಹೋಗಿ, ಒತ್ತು "ತ"ದ ಮೇಲೆ ಬಿದ್ದು "ಕರ್-ತಾ-ನು" ಎಂದಾಗುತ್ತದೆ. ಭಾರ ಹೊರಬೇಕಾದ ಗುರು ಹಗುರಾಯಿತು, ಹಗುರವಾಗಿರಬೇಕಾದ ಲಘು ಉದ್ದವಾಯಿತು. ಕನ್ನಡದಲ್ಲಿ ಸ್ವರ ಉದ್ದವಾದರೆ ಅರ್ಥವೇ ಪಲ್ಲಟ: ಎಳೆದು ಹಾಡಿದ "ವರ" ವಾರವಾಗುತ್ತದೆ, "ಬಲ" ಬಾಲವಾಗುತ್ತದೆ. ಹಳೆಯ ಸಭೆಗಳಲ್ಲಿ ಹಿರಿಯರು ಇಂಥ ಜಾಗ ಬಂದಾಗ ಮಟ್ಟನ್ನೇ ಸ್ವಲ್ಪ ಬಗ್ಗಿಸಿ ಮಾತನ್ನು ಉಳಿಸಿಕೊಳ್ಳುತ್ತಾರೆ. ಪುಸ್ತಕದಲ್ಲಿ ಇಲ್ಲದ ಒಂದು ಜಾರು, ಒಂದು ತಡೆ. ಸಂಗೀತ ಬಲ್ಲವರು ಕೆಲವರು ಅದನ್ನು ತಪ್ಪು ಹಾಡುಗಾರಿಕೆ ಎನ್ನುವುದನ್ನು ಕೇಳಿದ್ದೇನೆ. ನನಗೆ ಅದು ಆ ಹಾಡಿನ ಅತ್ಯಂತ ಸರಿಯಾದ ಜಾಗ ಅನ್ನಿಸುತ್ತದೆ. ಮಾತು ಗೊತ್ತಿದ್ದವರು ಹಾಡುತ್ತಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ.

ಇಂಗ್ಲಿಷ್ ಮಟ್ಟುಗಳು ಈ ಸೀಮೆಗೆ ಬಂದ ದಾರಿ ತುಮಕೂರಿಗಿಂತ ಮೊದಲು ಗುಬ್ಬಿಯನ್ನು ಮುಟ್ಟುತ್ತದೆ. ಹಾಗಾಗಿ ಮಾರನೆಯ ಬೆಳಿಗ್ಗೆ ಬಿ.ಎಚ್. ರಸ್ತೆಯಲ್ಲಿ ಗುಬ್ಬಿ ಬಸ್ಸು ಹತ್ತಿದೆ. ಸುಮಾರು ಇಪ್ಪತ್ತು ಕಿಲೋಮೀಟರ್, ಎರಡೂ ಕಡೆ ತೆಂಗು ಅಡಿಕೆ. ಮೆಥಡಿಸ್ಟರ ವೆಸ್ಲಿಯನ್ ಮಿಷನ್ನಿನವರು ಗುಬ್ಬಿಯಲ್ಲಿ ನೆಲೆಯೂರಿದ್ದು 1837ರಲ್ಲಿ. ಮೊದಲು ಬಂದವರು ಥಾಮಸ್ ಹಾಡ್ಸನ್, ಮುಂದೆ ಕನ್ನಡ ವ್ಯಾಕರಣ ಬರೆದವರು. 1839ರಲ್ಲಿ ವಿಲಿಯಂ ಆರ್ಥರ್ ಎಂಬ ಇನ್ನೂ ಚಿಕ್ಕ ಪ್ರಾಯದ ಐರಿಷ್ ಯುವಕ ಬಂದು ಸೇರಿಕೊಂಡ. ಕಣ್ಣಿನ ತೊಂದರೆಯಿಂದ ಎರಡು ವರ್ಷಕ್ಕೇ ಹಿಂತಿರುಗಬೇಕಾಯಿತು. ಊರಿಗೆ ಹೋಗಿ ಮೈಸೂರು ಸೀಮೆಯ ಅನುಭವದ ಮೇಲೆ 1847ರಲ್ಲಿ ಒಂದು ಪುಸ್ತಕವನ್ನೇ ಬರೆದ.

ಇವರು ಹಾಡಿನ ಜನ. ಮೆಥಡಿಸ್ಟ್ ಪಂಥ ಹರಡಿದ್ದೇ ಪ್ರಸಂಗದಷ್ಟೇ ಹಾಡಿನಿಂದ. ಚಾರ್ಲ್ಸ್ ವೆಸ್ಲಿ ಆರು ಸಾವಿರಕ್ಕೂ ಹೆಚ್ಚು ಸ್ತೋತ್ರಗಳನ್ನು ಬರೆದ; ಅಣ್ಣ ಜಾನ್ ವೆಸ್ಲಿ 1780ರಲ್ಲಿ ತನ್ನ ಪಂಥದ ಜನರಿಗಾಗಿ ದೊಡ್ಡ ಸ್ತೋತ್ರಸಂಗ್ರಹ ತಂದ. ಅದಕ್ಕೂ ಮುಂಚೆ 1761ರಲ್ಲಿ ಸಭೆ ಹೇಗೆ ಹಾಡಬೇಕೆಂದು ಜಾನ್ ಕೆಲವು ಸೂಚನೆಗಳನ್ನು ಬರೆದಿಟ್ಟಿದ್ದ: ಎಲ್ಲರೂ ಹಾಡಬೇಕು, ಅರೆನಿದ್ದೆಯಲ್ಲಿ ಹಾಡಬಾರದು, ಪಕ್ಕದವರ ದನಿ ಮುಳುಗುವಂತೆ ಕಿರುಚಬಾರದು, ತಾಳ ಬಿಟ್ಟು ಹಿಂದೆ ಮುಂದೆ ಆಗಬಾರದು, ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸು ಮಾತಿನ ಮೇಲಿರಬೇಕು ಎಂಬ ಅರ್ಥದವು. ಮರಳೂರಿನ ಟೀಚರ್ ಹೇಳುತ್ತಿದ್ದುದೂ ಬಹುತೇಕ ಇವೇ ಮಾತು. ಆ ಕೊನೆಯ ಸೂಚನೆಯನ್ನು ಗಂಭೀರವಾಗಿ ತೆಗೆದುಕೊಂಡರೆ, ಮಾತನ್ನು ಮುರಿಯುವ ಮಟ್ಟನ್ನು ಕನ್ನಡ ಸಭೆ ಬಗ್ಗಿಸುವುದು ವೆಸ್ಲಿಗೆ ವಿರುದ್ಧವಲ್ಲ, ವೆಸ್ಲಿಯ ಮಾತನ್ನೇ ಪಾಲಿಸಿದ ಹಾಗೆ.

ಮಿಷನರಿಗಳಿಗೆ ಕನ್ನಡ ಛಂದಸ್ಸು ತಿಳಿದಿರಲಿಲ್ಲ ಎಂದು ಹೇಳಿದರೆ ಅನ್ಯಾಯವಾಗುತ್ತದೆ. ಕರಾವಳಿಯಲ್ಲಿ 1834ರಿಂದ ಕೆಲಸ ಮಾಡುತ್ತಿದ್ದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಕಲೆಹಾಕಿ ಅಚ್ಚು ಹಾಕಿಸಿದ. ಪುರಂದರದಾಸರ, ಕನಕದಾಸರ ಹಾಡುಗಳು ಮುದ್ರಣ ಕಂಡ ಆರಂಭದ ಘಟ್ಟ ಅದು. ಅದೇ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ 1862ರಲ್ಲಿ ಕ್ರಿಸ್ತನ ಜೀವನವನ್ನು "ಕಥಾಮಾಲೆ" ಎಂಬ ಕನ್ನಡ ಕಾವ್ಯವಾಗಿ ಬರೆದರು. ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದರು. 1894ರ ಅವರ ನಿಘಂಟಿನ ಬಗ್ಗೆ ಹೇಳಬೇಕಾದ್ದೇ ಇಲ್ಲ. ಪಲ್ಲವಿ, ಚರಣ, ಷಟ್ಪದಿ ಇವೆಲ್ಲ ಅವರ ಮೇಜಿನ ಮೇಲೇ ಇದ್ದವು. ಆದರೂ ಭಾನುವಾರದ ಸಭೆಯಲ್ಲಿ ಬಹುಪಾಲು ನಿಂತದ್ದು ಜರ್ಮನ್ ಕೋರಲ್ ಮಟ್ಟುಗಳು, ಈ ಕಡೆ ಇಂಗ್ಲಿಷ್ ಮಟ್ಟುಗಳು. ಅಧ್ಯಯನದ ಕೋಣೆಯಲ್ಲಿ ಅಷ್ಟು ಪ್ರೀತಿಯಿಂದ ಕೂಡಿಟ್ಟ ಕನ್ನಡದ ಲಯ, ಆರಾಧನೆಯ ಜಾಗಕ್ಕೆ ಬರುವಾಗ ಹಿಂದೆ ಸರಿಯಿತು. ರಾಗ ತಾಳ ನಮೂದಿಸಿದ ಕೀರ್ತನೆಗಳು ಪುಸ್ತಕಗಳಲ್ಲಿ ಇಲ್ಲವೆಂದಲ್ಲ, ಇವೆ, ಜನ ಅವನ್ನು ಮನಸಾರೆ ಹಾಡುತ್ತಾರೆ. ಆದರೆ ಅವು ಏಕದನಿಯ ಹಾಡುಗಳಾಗಿ ಉಳಿದವು. ನಾಲ್ಕು ದನಿ ಎಂದರೆ ಇಂಗ್ಲಿಷ್ ಮಟ್ಟು ಎಂಬ ಭಾಗಪಾಲು ಬಿದ್ದುಹೋಯಿತು. ಆ ಭಾಗಪಾಲನ್ನೇ ಮರಳೂರಿನಲ್ಲಿ ಈಗ ಅಳಿಸುತ್ತಿದ್ದಾರೆ.

ಗುಬ್ಬಿಯಲ್ಲಿ ಇಳಿದರೆ ಮಾತು ಬೇರೆ ಕಡೆಗೇ ಹೊರಳುತ್ತದೆ, ಹೊರಳಲೇಬೇಕು. ಚನ್ನಬಸವೇಶ್ವರ ಸ್ವಾಮಿಯ ಊರು. ಆತನ ಹೆಸರಿನಲ್ಲೇ 1884ರಲ್ಲಿ ಹುಟ್ಟಿದ ನಾಟಕ ಸಂಘ, ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಗುಬ್ಬಿ ಕಂಪನಿಯಾಯಿತು. ಕನ್ನಡ ರಂಗಸಂಗೀತ ಅಂದರೆ ಮೊದಲು ನೆನಪಾಗುವ ಸದ್ದು ಕಾಲಲ್ಲಿ ತುಳಿಯುವ ಹಾರ್ಮೋನಿಯಂನದು. ಆ ವಾದ್ಯದ ಕಥೆ ನನಗೆ ಯಾವತ್ತೂ ಬೆರಗು. 1840ರ ದಶಕದ ಪ್ಯಾರಿಸಿನಲ್ಲಿ ಅಲೆಕ್ಸಾಂಡರ್ ದೆಬೆನ್ ಪೇಟೆಂಟ್ ಪಡೆದ ಪೆಟ್ಟಿಗೆ ಅದು. ದೊಡ್ಡ ಪೈಪ್ ಆರ್ಗನ್ ಕೊಳ್ಳಲಾಗದ ಪುಟ್ಟ ಚರ್ಚುಗಳಿಗೆ ಒದಗಿತು, ಮಿಷನರಿಗಳ ಸಾಮಾನಿನ ಜೊತೆ ಹಡಗು ಹತ್ತಿತು. 1875ರಲ್ಲಿ ಕೋಲ್ಕತ್ತದ ದ್ವಾರಕಾನಾಥ ಘೋಷ್ ಅದರ ಕಾಲು ಕಡಿದು, ನೆಲದ ಮೇಲೆ ಕೂತು ನುಡಿಸುವ ಕೈಪೆಟ್ಟಿಗೆ ಮಾಡಿದರು. ಸ್ವರವನ್ನು ತೂಗಿಸುವ ಗಮಕ ಬಾರದ ವಾದ್ಯವೆಂದು 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು, 1971ರವರೆಗೂ. ಅಷ್ಟು ವರ್ಷವೂ ಅದನ್ನು ಬಿಡದೆ ಇಟ್ಟುಕೊಂಡ ಜಾಗಗಳಲ್ಲಿ ನಾಟಕದ ರಂಗ ಒಂದು, ಚರ್ಚು ಇನ್ನೊಂದು.

ಗುಬ್ಬಿಯಲ್ಲಿ ಒಬ್ಬ ಹಾರ್ಮೋನಿಯಂ ಮೇಷ್ಟ್ರು ಸಿಕ್ಕರು. ಸುತ್ತಮುತ್ತಲ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಸುವುದೇ ಕಸುಬು. ಕರೆದರೆ ಕ್ರಿಸ್ಮಸ್ ಆರಾಧನೆಗೂ ಪೆಟ್ಟಿಗೆ ಹೊತ್ತುಕೊಂಡು ಹೋಗುತ್ತಾರೆ. ಎರಡು ಕಡೆ ನುಡಿಸುವುದರಲ್ಲಿ ಏನು ವ್ಯತ್ಯಾಸ ಎಂದು ಕೇಳಿದೆ. "ಕೈಗೆ ಏನೂ ವ್ಯತ್ಯಾಸ ಇಲ್ಲ ಸಾ. ಎರಡು ಕಡೇನೂ ಮಾತು ಕೇಳ್ಬೇಕು. ಕೃಷ್ಣ ಹಾಡುವಾಗ ನಾನು ಮಾತಿನ ಮೇಲೆ ಬೆರಳು ಹಾಕಲ್ಲ. ಅವನು ಉಸಿರು ತಗೊಳೋ ಜಾಗ ಇರತ್ತಲ್ಲ, ಅಲ್ಲಿ ತುಂಬ್ತೀನಿ. ಹಿಂದಿನ ಸಾಲಲ್ಲಿ ಕೂತೋನ್ಗೆ ಪದ ಕೇಳ್ದೆ ಹೋದ್ರೆ ಅವನು ಎದ್ದು ಟೀಗೆ ಹೋಗ್ತಾನೆ." ಮೈಕು ಬರುವುದಕ್ಕೆ ಮುಂಚಿನ ರಂಗಭೂಮಿ ಕಲಿಸಿದ ಪಾಠ ಅದು. ಮಾತಿಗೆ ಜಾಗ ಬಿಟ್ಟು ವಾದ್ಯ ಪಕ್ಕಕ್ಕೆ ಸರಿಯುವುದು. ಈಗಿನ ಎಷ್ಟೋ ಚರ್ಚುಗಳಲ್ಲಿ ಕೀಬೋರ್ಡು, ಡ್ರಮ್ ಪ್ಯಾಡು, ದೊಡ್ಡ ಸ್ಪೀಕರುಗಳ ನಡುವೆ ಸಾಹಿತ್ಯ ಒದ್ದಾಡುವುದನ್ನು ಕೇಳಿದಾಗ ಈ ಮೇಷ್ಟ್ರ ಮಾತನ್ನು ಗೋಡೆಗೆ ಬರೆದು ಹಾಕಬೇಕು ಅನ್ನಿಸುತ್ತದೆ.

ಗುಬ್ಬಿ ಕಂಪನಿಗೆ ಹುಡುಗನಾಗಿ ಮನೆ ಬಿಟ್ಟು ಬಂದು ಸೇರಿದವರು ಬಿ.ವಿ. ಕಾರಂತರು. ಮೇಳಗಾನವನ್ನು ಆಧುನಿಕ ಕನ್ನಡ ನಾಟಕದ ಒಂದು ಪಾತ್ರದಂತೆ ದುಡಿಸಿದವರು. ಹಲವು ದನಿಗಳು ಒಟ್ಟಿಗೆ ಕನ್ನಡ ನುಡಿದರೆ ಎಷ್ಟು ಶಕ್ತಿಯಿದೆ ಎಂಬುದನ್ನು ಚರ್ಚಿಗಿಂತ ಚೆನ್ನಾಗಿ ರಂಗಭೂಮಿ ಕಂಡುಕೊಂಡಿತು ಎಂದೇ ನನ್ನ ನಂಬಿಕೆ. ಗುಬ್ಬಿಯಲ್ಲಿ ಎರಡೂ ಒಂದೇ ಪೇಟೆಯಲ್ಲಿದ್ದವು. ಹಾಡು ಕಟ್ಟುವವರು ಒಬ್ಬರನ್ನೊಬ್ಬರು ಇನ್ನಷ್ಟು ಕೇಳಿಸಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು.

ತುಮಕೂರಿಗೆ ಮರಳಿ ಚರ್ಚ್ ಸರ್ಕಲ್ಲಿನಲ್ಲಿ ಇಳಿದೆ. ಒಂದು ಕಾಲಕ್ಕೆ ಈ ಊರಿನಲ್ಲಿ ಯೂನಿಯನ್ ಕನ್ನಡ ಸೆಮಿನರಿ ಇತ್ತು. ಕನ್ನಡ ಸಭೆಗಳ ಅಯ್ಯನವರುಗಳು ತಯಾರಾಗುತ್ತಿದ್ದ ಜಾಗ. 1965ರಲ್ಲಿ ಅದು ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯೊಂದಿಗೆ ಸೇರಿ ಕರ್ನಾಟಕ ಥಿಯಲಾಜಿಕಲ್ ಕಾಲೇಜಾಯಿತು. ಅದಕ್ಕೂ ಮೊದಲು, 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗಲೇ ಮೆಥಡಿಸ್ಟರು, ಆಂಗ್ಲಿಕನ್ನರು, ಲಂಡನ್ ಮಿಷನ್ನಿನವರು ಒಂದೇ ಮಾಡಿನಡಿ ಬಂದಿದ್ದರು. ಹೀಗೆ ಬೇರೆ ಬೇರೆ ಹಾಡಿನ ಪುಸ್ತಕಗಳ ಜನ ಒಂದೇ ಪೀಠದಲ್ಲಿ ಕೂತು ಹಾಡತೊಡಗಿದರು. ನನ್ನ ಪರಿಚಯದ ಒಂದು ಮನೆಯಲ್ಲಿ ಅಜ್ಜಿ ಕರಾವಳಿಯವರು, ಅಜ್ಜ ಗುಬ್ಬಿ ಕಡೆಯವರು. ಒಂದೇ ಸ್ತೋತ್ರಕ್ಕೆ ಎರಡು ಮಟ್ಟು ಅವರಲ್ಲಿ ಇವತ್ತಿಗೂ ಜಗಳದ ವಸ್ತು.

ಸಂಜೆ ಸಿದ್ಧಗಂಗೆಗೆ ಹೋದೆ. ತುಮಕೂರಿಗೆ ಬಂದು ಸಾಮೂಹಿಕ ಗಾನದ ಬಗ್ಗೆ ಯೋಚಿಸುವವರು ಅಲ್ಲಿಗೆ ಹೋಗದೆ ಇರಲಾಗದು. ಮಠದ ಅಂಗಳದಲ್ಲಿ ಸಾವಿರಾರು ಹುಡುಗರು ಸಾಲಾಗಿ ಕೂತು ಸಂಜೆಯ ಪ್ರಾರ್ಥನೆ ಹೇಳುತ್ತಾರೆ. ಪಾರ್ಟುಗಳಿಲ್ಲ, ವಾದ್ಯವಿಲ್ಲ, ಒಂದೇ ದನಿ. ಆ ದನಿ ಎದೆಗೆ ಬಂದು ತಾಕುತ್ತದೆ. ಬೆಟ್ಟದ ಬುಡದಲ್ಲಿ ನಿಂತು ಕೇಳುತ್ತಿದ್ದಾಗ ಒಂದು ಸಂಶಯ ಎದ್ದಿತು: ಏಕದನಿಯಲ್ಲೇ ಇಷ್ಟಿರುವಾಗ ನಾಲ್ಕರ ಹಂಬಲ ಏಕೆ? ಬೇರೆಲ್ಲಿಂದಲೋ ಬಂದ ಕ್ರಮವನ್ನು ಹಟ ಮಾಡಿ ಉಳಿಸಿಕೊಳ್ಳುತ್ತಿದ್ದೇವೆಯೆ?

ಮರಳೂರಿಗೆ ಹಿಂತಿರುಗಿ ಆ ಪ್ರಶ್ನೆಯನ್ನು ಹಾಗೇ ಟೀಚರ್ ಮುಂದೆ ಇಟ್ಟೆ. ಅವರು ತಾತನ ಕಡೆ ತೋರಿಸಿದರು. "ಇವರಿಗೆ ಕೆಳಗಿನ ಪಂಚಮ ಗುಡುಗಿನ ಹಾಗೆ ಬರತ್ತೆ. ಮೇಲಿನ ಷಡ್ಜ ಎತ್ತು ಅಂದ್ರೆ ಸುಮ್ನೆ ಬಾಯಾಡಿಸ್ತಾರೆ. ಆ ಹುಡುಗನ್ನ ನೋಡಿ, ಹೋದ ವರ್ಷ ಸೊಪ್ರಾನೊ ಜೊತೆ ಹಾಡ್ತಿದ್ದ, ಈಗ ದನಿ ಒಡೆದಿದೆ, ಎಲ್ಲೂ ಸೇರಲ್ಲ. ಒಂದೇ ದನಿಯ ಹಾಡಾದ್ರೆ ಇಬ್ರೂ ಅರ್ಧ ಹಾಡಿ ಅರ್ಧ ಬಿಡ್ತಾರೆ. ಪಾರ್ಟ್ಸ್ ಬರೆದ್ರೆ ಇಬ್ರಿಗೂ ಒಂದೊಂದು ಮನೆ ಸಿಗತ್ತೆ." ಸಭೆಯಲ್ಲಿ ಎಲ್ಲ ವಯಸ್ಸಿನ ಗಂಟಲುಗಳಿವೆ. ಸಿದ್ಧಗಂಗೆಯ ಅಂಗಳದಲ್ಲಿ ಹಾಡುವವರೆಲ್ಲ ಹುಡುಗರು, ಅಲ್ಲಿಗೆ ಏಕದನಿ ಹೇಳಿ ಮಾಡಿಸಿದ್ದು. ಇಲ್ಲಿ ಎಂಟು ವರ್ಷದವಳಿಂದ ಎಂಬತ್ತರ ತಾತನವರೆಗೆ ಒಂದೇ ಹಾಡಿನೊಳಗೆ ಕೂರಬೇಕು. ನಾಲ್ಕು ದನಿ ಎಲ್ಲಿಂದ ಬಂತು ಎಂಬುದು ಆಗ ನನಗೆ ದೊಡ್ಡ ವಿಷಯವಾಗಿ ಉಳಿಯಲಿಲ್ಲ. ಮೈಸೂರಿನ ನಮ್ಮ ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದ 94 ಕೃತಿಗಳನ್ನು ರಚಿಸಿದವರು. ರಷ್ಯದ ಸಂಗೀತಕಾರ ಮೆಟ್ನರ್ ತನ್ನ ಕೊನೆಗಾಲದಲ್ಲಿ ತನ್ನ ಸಂಗೀತವನ್ನು ಧ್ವನಿಮುದ್ರಿಸಿಕೊಳ್ಳಲು ಹಣ ಕೊಟ್ಟವರೂ ಅವರೇ. ಎರಡನ್ನೂ ಒಂದೇ ಕಿವಿಯಲ್ಲಿ ಇಟ್ಟುಕೊಳ್ಳಲು ಈ ನಾಡಿಗೆ ಕಷ್ಟವಾಗಿಲ್ಲ.

ಆದರೆ ಕಟ್ಟುವ ಕೆಲಸ ಸುಲಭದ್ದಲ್ಲ. ನೋಡುತ್ತಿದ್ದ ಹಾಗೆ ನನಗೆ ತಿಳಿದ ದೊಡ್ಡ ತೊಡಕು ಗಮಕದ್ದು. ಒಬ್ಬಳು ಸೊಪ್ರಾನೊ ಹುಡುಗಿ ಕರ್ನಾಟಕ ಸಂಗೀತ ಕಲಿತವಳು. ಮೋಹನದ ಗಾಂಧಾರವನ್ನು ಅವಳು ಸುಮ್ಮನೆ ನಿಲ್ಲಿಸಲಾರಳು, ಅದು ತಾನಾಗಿ ತೂಗುತ್ತದೆ. ಒಬ್ಬಳೇ ಹಾಡಿದಾಗ ಎಷ್ಟು ಚೆಂದ. ಉಳಿದವರ ಜೊತೆ ಹಾಡಿದಾಗ ಅವಳ ಗಾಂಧಾರಕ್ಕೂ ಟೆನರಿನ ಪಂಚಮಕ್ಕೂ ನಡುವಿನ ಅಂತರ ಕ್ಷಣಕ್ಷಣಕ್ಕೂ ಕದಲಿ, ಇಡೀ ಸ್ವರಮೇಳ ಮಸುಕಾಗುತ್ತಿತ್ತು. ಟೀಚರ್ ಅದಕ್ಕೆ ಕಂಡುಕೊಂಡ ದಾರಿ ನನಗೆ ಒಪ್ಪಿಗೆಯಾಯಿತು. ಪಲ್ಲವಿಯನ್ನು ಎಲ್ಲರೂ ನೇರ ಸ್ವರಗಳಲ್ಲಿ, ಒಂದೇ ಒಂದು ಜಾರಿನ ಹೊರತು, ಹಾಡುವುದು. ಚರಣಗಳನ್ನು ಆ ಹುಡುಗಿ ಒಬ್ಬಳೇ, ಕೆಳಗೆ ಬೇಸು ಹಿಡಿದ ಷಡ್ಜ ಪಂಚಮಗಳ ಮೇಲೆ, ಬೇಕಾದಷ್ಟು ಗಮಕದೊಂದಿಗೆ ಹಾಡುವುದು. ರಾಗಕ್ಕೂ ಅನ್ಯಾಯವಿಲ್ಲ, ಮೇಳಕ್ಕೂ ಇಲ್ಲ.

ಇನ್ನು ಆ ಏಳು ಮಾತ್ರೆ. ಮೊದಲು ನಾಲ್ಕು ನಾಲ್ಕರ ಎಣಿಕೆಯಲ್ಲಿ ಬರೆದಿದ್ದರಂತೆ, ಕೂರಲಿಲ್ಲ; ಸಾಲುಗಳೆಲ್ಲ ಕೊನೆಯಲ್ಲಿ ಖಾಲಿ ಉಳಿಯುತ್ತಿದ್ದವು. ಮೂರು ನಾಲ್ಕು ಎಂದು ಕತ್ತರಿಸಿದ ಕೂಡಲೇ ಪದಗಳು ತಾವಾಗಿ ಜಾಗ ಹಿಡಿದವು. ಹಿಡಿಯಲೇಬೇಕು, ಭಾಮಿನಿ ಷಟ್ಪದಿಯ ನಡೆ ಅದು. ಕುಮಾರವ್ಯಾಸನ ಹತ್ತು ಪದ್ಯ ಕಿವಿಗೆ ಬಿದ್ದ ಯಾವ ಕನ್ನಡಿಗನ ಮೈಯಲ್ಲೂ ಆ ಮೂರು ನಾಲ್ಕು ಇರುತ್ತದೆ. ಗಿಟಾರ್ ಹಿಡಿದ ಎಂಜಿನಿಯರಿಂಗ್ ಹುಡುಗ ಇದನ್ನು ಎಣಿಸಲಾರದೆ ತಿಣುಕುತ್ತಿದ್ದ. ಕಂಡಕ್ಟರ್ ಅಣ್ಣ ಎಣಿಸಲೇ ಇಲ್ಲ. ಊರಿನ ಮೂಡಲಪಾಯದ ಆಟಗಳನ್ನು ನೋಡಿ ಬೆಳೆದವನು, ತೊಡೆಯ ಮೇಲೆ ಕೈ ಬಡಿದುಕೊಂಡು ಹಾಡಿಬಿಟ್ಟ. ಹುಡುಗ ಗಿಟಾರ್ ಪಕ್ಕಕ್ಕಿಟ್ಟು ಅವನ ಕೈಯನ್ನೇ ನೋಡಿ ಕಲಿತ.

ಟೀಚರ್ ಜೊತೆ ಒಂದು ಮಧ್ಯಾಹ್ನ ಕುಣಿಗಲ್ಲಿಗೂ ಹೋಗಿಬಂದೆ. ಹೆಬ್ಬೂರಿನ ಮೇಲೆ ಹಾದು ಹೋಗುವ ದಾರಿ. ಕೆರೆ ತುಂಬಿತ್ತು. ಅದರ ಮೇಲಿನ ಜನಪದ ಗೀತೆ ನಾಡಿಗೆಲ್ಲ ಬಾಯಿಪಾಠ; ಏರಿಯ ಮೇಲೆ ನಿಂತವರು ಯಾರಾದರೂ ಗುನುಗದೆ ಇರುವುದಿಲ್ಲ. ನಮ್ಮ ಕೆಲಸ ಇದ್ದದ್ದು ಹೆಂಗಸರ ಒಂದು ಗುಂಪಿನೊಂದಿಗೆ. ಭಾನುವಾರದ ಬಲಿಪೂಜೆಯಲ್ಲಿ ಅವರು ಹಾಡುತ್ತಾರೆ, ಮದುವೆಮನೆಗಳಲ್ಲಿ ಸೋಬಾನೆಯನ್ನೂ ಹಾಡುತ್ತಾರೆ. ಒಬ್ಬಾಕೆ ಮುಂದೆ ಹೇಳಿದರೆ ಉಳಿದವರು ಸೊಲ್ಲು ಹಿಡಿಯುತ್ತಾರೆ. ಕಥೊಲಿಕ ಆರಾಧನೆಗೆ ಈ ಪದ್ಧತಿ ಹೊಸದೇನಲ್ಲ. 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನೆಯ ಬಗ್ಗೆ ತನ್ನ ನಿರ್ಣಯ ಹೊರಡಿಸಿದ ಮೇಲೆ ಲ್ಯಾಟಿನ್ ಸರಿದು ಜನರ ಭಾಷೆಗಳು ಬಲಿಪೀಠದ ಬಳಿ ಬಂದವು. ಒಬ್ಬರು ಕೀರ್ತನೆಯ ಸಾಲು ಹಾಡಿ ಸಭೆಯೆಲ್ಲ ಮರುನುಡಿಯುವ ಭಾಗಕ್ಕೆ ಕನ್ನಡದ ಮಟ್ಟುಗಳು ಬೇಕಾದವು. ಕುಣಿಗಲ್ಲಿನ ಹೆಂಗಸರಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಸೊಲ್ಲು ಹಿಡಿಯುವಾಗ ಅವರು ಮುಂದಾಳುವಿನ ಕೊನೆಯ ಅಕ್ಷರ ಮುಗಿಯಲು ಕಾಯುವುದಿಲ್ಲ, ಅದರ ಮೇಲೇ ಏರಿ ಬರುತ್ತಾರೆ. ಒಂದು ಕ್ಷಣ ಎರಡು ಸ್ವರಗಳು ಒಂದರ ಮೇಲೊಂದು ನಿಲ್ಲುತ್ತವೆ. "ಅಕ್ಕ, ಅದನ್ನ ಇನ್ನೊಂದ್ಸಲ ಹೇಳಿ" ಎಂದು ಟೀಚರ್ ಕೇಳುತ್ತಲೇ ಹೋದರು. ಯಾವ ಸ್ವರಶಾಸ್ತ್ರವನ್ನೂ ಓದದೆ ಅವರು ಮಾಡುತ್ತಿದ್ದುದು ಎರಡು ದನಿಯ ಹಾಡು. ಕನ್ನಡದ ಮೇಳಗಾನಕ್ಕೆ ಬೇರು ಬೇಕೆಂದರೆ ಅದನ್ನು ಲಂಡನ್ನಿನಲ್ಲೂ ಸ್ಟುಟ್‌ಗಾರ್ಟಿನಲ್ಲೂ ಹುಡುಕಬೇಕಾಗಿಲ್ಲ, ಸೊಲ್ಲಿನಲ್ಲೇ ಇದೆ ಎಂದು ಅವತ್ತು ನನಗೆ ಖಾತ್ರಿಯಾಯಿತು.

ಸುಗ್ಗಿ ಹಬ್ಬದ ಭಾನುವಾರ ಚರ್ಚಿನ ಮುಂಭಾಗವೆಲ್ಲ ರಾಗಿ ಮೂಟೆ, ತೆಂಗಿನಕಾಯಿ, ಕುಂಬಳಕಾಯಿ, ಬಾಳೆಗೊನೆ. ಕಾಲು ಕಟ್ಟಿದ ಒಂದೆರಡು ಕೋಳಿಗಳು ಹೊರಗೆ ಹರಾಜಿಗೆ ಕಾಯುತ್ತಿದ್ದವು. ಹಾಡು ಕಾಣಿಕೆಯ ಹೊತ್ತಿಗೆ. ಶುರು ಸರಿಹೋಗಲಿಲ್ಲ, ಮೊದಲ ಪಲ್ಲವಿಯಲ್ಲಿ ಆಲ್ಟೊ ಹೆದರಿ ಸೊಪ್ರಾನೊ ಜೊತೆ ಸೇರಿಕೊಂಡಿತು, ಲಯವೂ ಓಡಿತು. ಮೊದಲ ಚರಣದಲ್ಲಿ ಆ ಹುಡುಗಿ ಮಣ್ಣು, ಮಳೆ, ಉಳುವ ಸಾಲು ಎಂದು ಒಂದೊಂದೇ ಪದವನ್ನು ಬಿಡಿಸಿ ಹಾಡಿದಾಗ ಮೇಳಕ್ಕೆ ಉಸಿರು ಬಂತು. ಎರಡನೆಯ ಸಲ ಪಲ್ಲವಿ ಬಂದಾಗ ನಾಲ್ಕೂ ದನಿ ತಂತಮ್ಮ ಜಾಗದಲ್ಲಿ ನಿಂತವು. ತಾತನ ಷಡ್ಜ ಬೆಂಚಿನ ಮರದ ಮೂಲಕ ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಒಂದು ಪದವೂ ಮುರಿದಿರಲಿಲ್ಲ. ಮೂರನೆಯ ಸಲ ಯಾರೂ ಹೇಳದೆಯೇ ಸಭೆ ಸೊಲ್ಲು ಹಿಡಿಯಿತು. ಪುಸ್ತಕದಲ್ಲಿಲ್ಲದ, ಕೈಯಲ್ಲಿ ಹಾಳೆಯಿಲ್ಲದ ಹಾಡನ್ನು ಎರಡೇ ಸಲ ಕೇಳಿ ಜನ ಹಾಡಿದರು. ಅನುವಾದದ ಹಾಡುಗಳನ್ನು ತಲೆಮಾರುಗಟ್ಟಲೆ ಹಾಡಿದ ಮೇಲೂ ಪುಸ್ತಕ ಬಿಡಲಾಗದವರನ್ನು ನಾನು ಬಲ್ಲೆ.

ಹರಾಜು ಮುಗಿದ ಮೇಲೆ ಮರಳೂರಿನ ಅದೇ ಹಾಲಿನಲ್ಲಿ ಊಟ. ಎಲೆ ಎತ್ತುವ ಮುಂಚೆಯೇ ಟೀಚರ್ ಮುಂದಿನ ಕೆಲಸದ ಮಾತು ತೆಗೆದರು. ಶುಭ ಶುಕ್ರವಾರಕ್ಕೆ ಕ್ರಿಸ್ತನ ಯಾತನೆಯ ಕಥೆಯನ್ನು ಪೂರ್ತಿ ಭಾಮಿನಿಯಲ್ಲಿ ಬರೆಯಬೇಕು. ಕಥೆ ಹೇಳುವವರು ಗಮಕ ವಾಚನದ ರೀತಿಯಲ್ಲಿ ಪದ್ಯ ಓದುವುದು. ಗುಂಪಿನ ಮಾತು ಬಂದಾಗ ನಾಲ್ಕು ದನಿಯ ಮೇಳ. ಜರ್ಮನಿಯಲ್ಲಿ ಬಾಖ್ ಮತ್ತಾಯನ ಸುವಾರ್ತೆಯನ್ನು ಸಂಗೀತಕ್ಕೆ ಕೂರಿಸಿದಾಗ ಮಾಡಿಕೊಂಡ ಏರ್ಪಾಡೂ ಇದೇ ಥರದ್ದು: ಒಬ್ಬ ಕಥೆ ಹೇಳುತ್ತಾನೆ, ಜನಜಂಗುಳಿ ಮೇಳವಾಗಿ ಕೂಗುತ್ತದೆ, ನಡುವೆ ಸಭೆಗೆ ಗೊತ್ತಿರುವ ಹಾಡುಗಳು ಬರುತ್ತವೆ. ಗಮಕ ವಾಚನ, ಮೇಳ, ಸೊಲ್ಲು ಎಂದು ಮೂರನ್ನೂ ಕೈಯಲ್ಲಿ ಇಟ್ಟುಕೊಂಡಿರುವ ಕನ್ನಡಕ್ಕೆ ಅದು ದೂರದ ಮಾತೇ ಅಲ್ಲ. ಸೊಲ್ಲಿಗೆ ಕುಣಿಗಲ್ಲಿನ ಅಕ್ಕಂದಿರನ್ನು ಕರೆಸುವುದು, ಪೆಟ್ಟಿಗೆಗೆ ಗುಬ್ಬಿಯ ಮೇಷ್ಟ್ರು ಎಂದೂ ನಿರ್ಧಾರವಾಯಿತು.

ಜಗಳ ಬಂದದ್ದು ಶಿಲುಬೆಗೆ ಹಾಕಿಸೆಂದು ಗುಂಪು ಕೂಗುವ ಜಾಗಕ್ಕೆ ರಾಗ ಯಾವುದೆಂದು. ಸೊಪ್ರಾನೊ ಹುಡುಗಿ ಶುಭಪಂತುವರಾಳಿ ಎಂದಳು. ಅಷ್ಟು ಕಹಿ ರಾಗಕ್ಕೆ ನಾಲ್ಕು ದನಿ ಹೇಗೆ ಹೊಂದಿಸುವುದೆಂದು ಟೀಚರ್ ತಲೆ ಕೆಡಿಸಿಕೊಂಡರು. ಹೊಂದಬೇಕಾಗಿಯೇ ಇಲ್ಲ, ಅಲ್ಲಿ ತಿಕ್ಕಾಟವೇ ಬೇಕಾದ್ದು ಎಂದು ನಾನೂ ಬಾಯಿ ಹಾಕಿದೆ. ಕಂಡಕ್ಟರ್ ಅಣ್ಣ ರಾಗವೇ ಬೇಡ, ಕುರುಕ್ಷೇತ್ರದಲ್ಲಿ ಯುದ್ಧಕ್ಕೆ ಹೊರಡುವಾಗಿನ ಹಾಗೆ ಬರೀ ತಾಳದ ಮೇಲೆ ಮಾತು ಎಸೆಯಬೇಕು ಎಂದ. ತಾತ ಕೈ ತೊಳೆದು ಬಂದು ಕೂತು, "ಯಾವ ರಾಗ ಆದ್ರೂ ಹಾಕಮ್ಮ, ಪಿಲಾತನ ಪಾತ್ರ ಮಾತ್ರ ನಂಗೆ" ಎಂದರು. ಟೀಚರ್ ನೋಟ್‌ಬುಕ್ಕಿನ ಹೊಸ ಪುಟ ತೆಗೆದು, ಬೇಸ್ ಸಾಲಿನ ಅಕ್ಷರಗಳನ್ನು ಅವರಿಗೆ ಕಾಣುವಷ್ಟು ದೊಡ್ಡದಾಗಿ ಬರೆಯಲು ಶುರುಮಾಡಿದರು.